ಪೀಟ್ ರೋಸ್: ಸತ್ತ ಮೇಲೆ ನಿಷೇಧ ತೆಗೆದರು, ಇನ್ನು ಕೂಪರ್ಸ್‌ಟೌನ್‌ಗೆ ಸೇರಿಸಬೇಕೇ?

ಓಹಾಯೋ ದಡದವನು

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಸಿನ್ಸಿನಾಟಿಗೆ ಬಂದು 22 ವರ್ಷ ಆಯಿತು. ಬಂದಾಗ ಬೇಸ್‌ಬಾಲ್ ಬಗ್ಗೆ ಏನೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜ ವರಾಂಡದಲ್ಲಿ ರೇಡಿಯೋ ಇಟ್ಟುಕೊಂಡು ಕಾಮೆಂಟರಿ ಕೇಳುತ್ತಿದ್ದರು. ಅವರ ಪಕ್ಕ ಕೂತು ಕಲಿತೆ. ಅವರು ಹೇಳಿಕೊಟ್ಟ ಮೊದಲ ಹೆಸರೇ ಪೀಟ್ ರೋಸ್.

ಬೇಸ್‌ಬಾಲ್‌ನಲ್ಲಿ ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ. ಎಲ್ಲರೂ ಬ್ಯಾಟ್ ಬಿಸಾಕಿ ಆರಾಮಾಗಿ ನಡೆದು ಹೋಗುತ್ತಾರೆ. ರೋಸ್ ಅದಕ್ಕೂ ಓಡುತ್ತಿದ್ದರು! ಇದನ್ನು ನೋಡಿಯೇ ಅವರಿಗೆ ‘ಚಾರ್ಲಿ ಹಸಲ್’ ಅಂತ ಹೆಸರು ಬಂತು. ಹುಟ್ಟಿದ್ದು ಇದೇ ಊರಲ್ಲಿ, 1941ರಲ್ಲಿ. 1963ರಲ್ಲಿ ಇದೇ ಊರಿನ ರೆಡ್ಸ್ ತಂಡಕ್ಕೆ ಆಡಲು ಶುರು ಮಾಡಿದರು. 1985ರ ಸೆಪ್ಟೆಂಬರ್ 11ರಂದು ಟೈ ಕಾಬ್ ಅವರ 4191 ಹಿಟ್‌ಗಳ ದಾಖಲೆ ಮುರಿದರು. ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಅದು ಹಿಟ್. ಅಜ್ಜ ಆ ದಿನ ಸ್ಟೇಡಿಯಂನಲ್ಲಿದ್ದರು. ಜನ ಏಳು ನಿಮಿಷ ಚಪ್ಪಾಳೆ ತಟ್ಟಿದರಂತೆ. ರೋಸ್ ಮೊದಲ ಬೇಸ್ ಮೇಲೆ ನಿಂತು ಕೋಚ್ ಹೆಗಲ ಮೇಲೆ ತಲೆ ಇಟ್ಟು ಅತ್ತರು. ಅದನ್ನು ಹೇಳುವಾಗಲೆಲ್ಲ ಅಜ್ಜನ ದನಿ ಒಡೆಯುತ್ತಿತ್ತು.

ನಾಲ್ಕೇ ವರ್ಷಕ್ಕೆ, 1989ರಲ್ಲಿ, ತಾನೇ ಮ್ಯಾನೇಜರ್ ಆಗಿದ್ದ ತಂಡದ ಆಟಗಳ ಮೇಲೆ ಬಾಜಿ ಕಟ್ಟಿದ್ದಕ್ಕೆ ಅವರನ್ನು ಆಟದಿಂದ ಶಾಶ್ವತವಾಗಿ ಹೊರಗೆ ಹಾಕಿದರು. 2024ರ ಸೆಪ್ಟೆಂಬರ್ 30ರಂದು ಲಾಸ್ ವೇಗಸ್‌ನಲ್ಲಿ ತೀರಿಕೊಂಡರು. 83 ವರ್ಷ ಆಗಿತ್ತು. ನವೆಂಬರ್‌ನಲ್ಲಿ ಇಲ್ಲಿನ ಸ್ಟೇಡಿಯಂನಲ್ಲಿ ಜನರಿಗೆ ನಮನ ಸಲ್ಲಿಸಲು ಅವಕಾಶ ಕೊಟ್ಟರು. ಅವರ ಜರ್ಸಿ ನಂಬರ್ 14, ಹಾಗಾಗಿ 14 ಗಂಟೆ ಬಾಗಿಲು ತೆರೆದಿತ್ತು. ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾನೂ ಹೋಗಿದ್ದೆ.

2025ರ ಮೇ 13ರಂದು ಬೇಸ್‌ಬಾಲ್ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಒಂದು ತೀರ್ಮಾನ ಪ್ರಕಟಿಸಿದರು: ಶಾಶ್ವತ ನಿಷೇಧ ಸಾವಿನೊಂದಿಗೆ ಮುಗಿಯುತ್ತದೆ. ಬದುಕಿಲ್ಲದವರಿಂದ ಆಟಕ್ಕೆ ಅಪಾಯ ಇಲ್ಲ ಅನ್ನುವುದು ಅವರ ವಾದ. ರೋಸ್ ಜೊತೆಗೆ 1919ರ ವರ್ಲ್ಡ್ ಸೀರೀಸ್ (ವರ್ಷದ ಚಾಂಪಿಯನ್ ಪಟ್ಟದ ಸರಣಿ) ಫಿಕ್ಸಿಂಗ್ ಹಗರಣದ ಶೂಲೆಸ್ ಜೋ ಜಾಕ್ಸನ್ ಹೆಸರೂ ಪಟ್ಟಿಯಿಂದ ಹೊರಬಂತು. ಅಂದರೆ ಶ್ರೇಷ್ಠ ಆಟಗಾರರನ್ನು ಫಲಕ ಹಾಕಿ ಸನ್ಮಾನಿಸುವ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಬಾಗಿಲು ಈಗ ಇವರಿಗೂ ತೆರೆದಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸೇರಿಸಬೇಕು. ಬದುಕಿದ್ದಾಗಲೇ ಸೇರಿಸಬೇಕಿತ್ತು. ನೀವೇನು ಹೇಳುತ್ತೀರಿ?

ಮೈಸೂರು ರಸ್ತೆ

ಸರ್, ನಾನು ಬೆಂಗಳೂರಿನಲ್ಲಿ ಕೂತು ಕ್ರಿಕೆಟ್ ಮಾತ್ರ ನೋಡುವವನು. ಬಾಜಿ, ನಿಷೇಧ ಅಂದ ತಕ್ಷಣ ನನಗೆ 2000ನೇ ಇಸವಿ ನೆನಪಾಗುತ್ತದೆ. ಹ್ಯಾನ್ಸಿ ಕ್ರೋನಿಯೆ, ಅಜರುದ್ದೀನ್, ಆ ಕಾಲ. ನಾನಾಗ ಹೈಸ್ಕೂಲು. ಅಜರ್ ಪೋಸ್ಟರ್ ಗೋಡೆಯಿಂದ ಕಿತ್ತು ಹಾಕಿದ್ದೆ. ಆಮೇಲೆ 2012ರಲ್ಲಿ ಹೈಕೋರ್ಟ್ ಆ ನಿಷೇಧ ಸರಿಯಲ್ಲ ಎಂದಾಗ, ಕಿತ್ತದ್ದು ತಪ್ಪೋ ಸರಿಯೋ ಅಂತಲೇ ತಿಳಿಯಲಿಲ್ಲ.

ಒಂದು ಪ್ರಶ್ನೆ. ರೋಸ್ ಬೇಕಂತಲೇ ಸೋತಿದ್ದರಾ? ಸೋತಿಲ್ಲ ಅಂದರೆ ಇದನ್ನು ಮ್ಯಾಚ್ ಫಿಕ್ಸಿಂಗ್ ಅನ್ನಲು ಬರಲ್ಲ ಅಲ್ವಾ?

ಹಳೇ ಸ್ಕೋರರ್

ನಾನು ದಾವಣಗೆರೆಯಲ್ಲಿ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದವನು. ಈಗ ಫ್ರೀಮಾಂಟ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಬೇಸ್‌ಬಾಲ್ ಅಂಕಿಗಳನ್ನು ಓದುವುದು ನನ್ನ ಪಾಲಿಗೆ ದಿನದ ಊಟ ಇದ್ದ ಹಾಗೆ. ಮೈಸೂರು ರಸ್ತೆಯವರ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ಬೇಕಂತಲೇ ಸೋತರು ಅನ್ನಲು ಪುರಾವೆ ಇಲ್ಲ. ತನ್ನ ತಂಡ ಸೋಲುತ್ತದೆ ಅಂತ ಬಾಜಿ ಕಟ್ಟಿದ್ದಕ್ಕೂ ಪುರಾವೆ ಸಿಕ್ಕಿಲ್ಲ. ಆಗ ತನಿಖೆ ಮಾಡಿದವರು ಜಾನ್ ಡೌಡ್ ಅನ್ನುವ ವಕೀಲರು. ಅವರ ವರದಿ 225 ಪುಟ. 1987ರಲ್ಲಿ ರೆಡ್ಸ್ ಆಡಿದ 52 ಪಂದ್ಯಗಳ ಮೇಲೆ ರೋಸ್ ಬಾಜಿ ಕಟ್ಟಿದ್ದರು ಅಂತ ಅದರಲ್ಲಿದೆ. ಆಗ ಅವರು ಆ ತಂಡದ ಮ್ಯಾನೇಜರ್. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲನ್ನು ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಮಾಡುತ್ತಾರೆ. ಯಾರು ಆಡಬೇಕು, ಪಿಚರ್‌ನನ್ನು ಯಾವಾಗ ಬದಲಿಸಬೇಕು, ಎಲ್ಲ ಅವರ ಕೈಯಲ್ಲಿ.

ಆಟದ 21ನೇ ನಿಯಮ ಸ್ಪಷ್ಟವಾಗಿದೆ. ನಿನಗೆ ಸಂಬಂಧವಿಲ್ಲದ ಬೇಸ್‌ಬಾಲ್ ಪಂದ್ಯದ ಮೇಲೆ ಬಾಜಿ ಕಟ್ಟಿದರೆ ಒಂದು ವರ್ಷ ಹೊರಗೆ. ನೀನೇ ಭಾಗಿಯಾಗಿರುವ ಪಂದ್ಯದ ಮೇಲೆ ಕಟ್ಟಿದರೆ ಶಾಶ್ವತವಾಗಿ ಹೊರಗೆ. ಗೆಲ್ಲಲು ಕಟ್ಟಿದ್ದೋ ಸೋಲಲು ಕಟ್ಟಿದ್ದೋ ಅನ್ನುವ ಭೇದ ಅಲ್ಲಿಲ್ಲ. ಈ ನಿಯಮವನ್ನು ಪ್ರತಿ ತಂಡದ ಡ್ರೆಸ್ಸಿಂಗ್ ರೂಮಿನಲ್ಲೂ ತೂಗುಹಾಕಿರುತ್ತಾರೆ. ರೋಸ್ ಅದನ್ನು 24 ವರ್ಷ ಆಟಗಾರನಾಗಿ ದಿನವೂ ನೋಡಿದ್ದರು.

ಓಹಾಯೋ ದಡದವನು

ಸ್ಕೋರರ್ ಸರ್, ನಿಯಮ ಗೊತ್ತು. ಆದರೆ ನೀವು ಅಂಕಿಗಳನ್ನು ಪ್ರೀತಿಸುವವರು, ಅವರ ಅಂಕಿಗಳನ್ನೂ ಹೇಳಿ. ಗೊತ್ತಿಲ್ಲದವರಿಗೆ ತಿಳಿಯಲಿ.

ಹಳೇ ಸ್ಕೋರರ್

ಖಂಡಿತ ಹೇಳುತ್ತೇನೆ, ಮನಸ್ಸು ತುಂಬಿ ಹೇಳುತ್ತೇನೆ.

4256 ಹಿಟ್. ಒಬ್ಬ ಆಟಗಾರ ವರ್ಷಕ್ಕೆ 200 ಹಿಟ್ ಹೊಡೆದರೆ ಅದು ತುಂಬ ದೊಡ್ಡ ವರ್ಷ. ಹಾಗೆ 20 ವರ್ಷ ಒಂದೂ ಬಿಡದೆ ಹೊಡೆದರೂ 4000 ಆಗುತ್ತದೆ ಅಷ್ಟೇ. ಇನ್ನೂ 256 ಬಾಕಿ ಉಳಿಯುತ್ತದೆ. ಆಡಿದ ಪಂದ್ಯ 3562, ಅದೂ ದಾಖಲೆ. 1978ರಲ್ಲಿ ಸತತ 44 ಪಂದ್ಯಗಳಲ್ಲಿ ಒಂದಾದರೂ ಹಿಟ್ ಹೊಡೆದರು. ಮೂರು ಸಲ ವರ್ಲ್ಡ್ ಸೀರೀಸ್ ಗೆದ್ದರು, ಎರಡು ರೆಡ್ಸ್ ಜೊತೆ, ಒಂದು ಫಿಲಡೆಲ್ಫಿಯಾ ಜೊತೆ. 17 ಸಲ ಆಲ್ ಸ್ಟಾರ್, ಅಂದರೆ ಆ ವರ್ಷದ ಶ್ರೇಷ್ಠ ಆಟಗಾರರ ಪ್ರದರ್ಶನ ಪಂದ್ಯಕ್ಕೆ ಆಯ್ಕೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಆ 17 ಸಲದಲ್ಲಿ ಐದು ಬೇರೆ ಬೇರೆ ಜಾಗಗಳಿಗೆ ಆಯ್ಕೆಯಾಗಿದ್ದರು. ಎರಡನೇ ಬೇಸ್, ಎಡ ಮೈದಾನ, ಬಲ ಮೈದಾನ, ಮೂರನೇ ಬೇಸ್, ಮೊದಲ ಬೇಸ್. 1975ರಲ್ಲಿ ತಂಡಕ್ಕೆ ಮೂರನೇ ಬೇಸ್‌ನಲ್ಲಿ ಆಳು ಬೇಕಾಯಿತು. ಮ್ಯಾನೇಜರ್ ಕೇಳಿದರು, ಇವರು ಹೂಂ ಎಂದು ಹೋಗಿ ನಿಂತರು. ಆ ವರ್ಷ ರೆಡ್ಸ್ ವರ್ಲ್ಡ್ ಸೀರೀಸ್ ಗೆದ್ದಿತು, ಆ ಸರಣಿಯ ಶ್ರೇಷ್ಠ ಆಟಗಾರನೂ ಇವರೇ. ವರ್ಷಗಟ್ಟಲೆ ಸ್ಲಿಪ್‌ನಲ್ಲಿ ನಿಂತ ಸ್ಟಾರ್ ಆಟಗಾರನನ್ನು ಸೀಸನ್ ನಡುವೆ ವಿಕೆಟ್ ಕೀಪಿಂಗ್ ಮಾಡು ಅಂದರೆ ಎಷ್ಟು ಜನ ಒಪ್ಪುತ್ತಾರೆ?

ದೇವರು ಕೊಟ್ಟ ಮೈಕಟ್ಟು, ವೇಗ, ತೋಳಿನ ಬಲ ಇವರಿಗೆ ಇರಲಿಲ್ಲ. ಇದ್ದದ್ದು ಹಟ.

ಕಡಲತೀರ

ಉಡುಪಿ ಕಡೆಯವನು. ಬೇಸ್‌ಬಾಲ್ ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ಬೆಟ್ಟಿಂಗ್ ಗೊತ್ತು. ನನ್ನ ಸ್ವಂತ ತಮ್ಮ ಐಪಿಎಲ್ ಮೇಲೆ ಬಾಜಿ ಕಟ್ಟಿ ಅಂಗಡಿ ಕಳೆದ. ಅಮ್ಮನ ಕರಿಮಣಿ ಸರ ಅಡವು ಇಟ್ಟ. ಅವನು ಪ್ರತಿ ಸಲ ನಮಗೆ ಹೇಳುತ್ತಿದ್ದದ್ದು ಒಂದೇ ಮಾತು: “ನಾನು ಗೆಲ್ಲುವ ತಂಡದ ಮೇಲೆ ಮಾತ್ರ ಕಟ್ಟುವುದು.”

ಹಾಗಾಗಿ “ತನ್ನ ತಂಡ ಗೆಲ್ಲಲಿ ಅಂತ ಮಾತ್ರ ಕಟ್ಟಿದ್ದು” ಅನ್ನುವುದನ್ನು ಓದಿದಾಗ ನನಗೆ ಕೋಪ ಬಂತು. ನೀವೇ ಯೋಚಿಸಿ. ವರ್ಷಕ್ಕೆ 162 ಪಂದ್ಯ. ಮ್ಯಾನೇಜರ್ 52 ಪಂದ್ಯಕ್ಕೆ ಕಟ್ಟಿದ. ಮಿಕ್ಕ ಪಂದ್ಯಗಳಿಗೆ ಯಾಕೆ ಕಟ್ಟಲಿಲ್ಲ? ಆ ದಿನ ತಂಡ ಸೋಲಬಹುದು ಅಂತ ಅವನಿಗೆ ಅನ್ನಿಸಿರಬೇಕು. ಫೋನಿನ ಆಚೆ ಕೂತ ಬುಕ್ಕಿಗೆ ಅಷ್ಟು ತಿಳಿದರೆ ಸಾಕು, ಅವನು ಲಕ್ಷ ದುಡಿಯುತ್ತಾನೆ. ಬಾಯಿ ಬಿಟ್ಟು ಒಂದು ಮಾತು ಹೇಳದೆಯೂ ಒಳಗಿನ ಗುಟ್ಟು ಹೊರಗೆ ಹೋಯಿತು.

ಇನ್ನೊಂದು, ಸಾಲ. ಬುಕ್ಕಿಗೆ ದುಡ್ಡು ಬಾಕಿ ಇಟ್ಟವನು ಬುಕ್ಕಿಯ ಕೈಯಾಳು. ನನ್ನ ತಮ್ಮ ಅಂಗಡಿಯವನು, ಅವನ ಕೈಯಲ್ಲಿ ಯಾವ ಪಂದ್ಯವೂ ಇರಲಿಲ್ಲ. ಅವನನ್ನೇ ಎಷ್ಟು ಕುಣಿಸಿದರು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಕೈಯಲ್ಲಿ ಇಡೀ ತಂಡ ಇರುವವನನ್ನು ಏನು ಮಾಡಿಸಬಹುದು?

ಮೈಸೂರು ರಸ್ತೆ

ಕಡಲತೀರ ಅಣ್ಣ, ನಿಮ್ಮ ತಮ್ಮ ಈಗ ಹೇಗಿದ್ದಾರೆ? ಮನಸ್ಸಿಗೆ ಬೇಜಾರಾಯಿತು.

ನೀವು ಹೇಳಿದ ಆ ‘ಕಟ್ಟದ ದಿನ’ದ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕಡಲತೀರ

ಮೂರು ವರ್ಷ ಆಯಿತು ಬಿಟ್ಟು. ಈಗ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಹಳೇ ಸ್ಕೋರರ್

ಕಡಲತೀರ ಅವರೇ, ನೀವು ಬೇಸ್‌ಬಾಲ್ ಗೊತ್ತಿಲ್ಲ ಅಂದರೂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ. ಇನ್ನೊಂದು ಸೇರಿಸುತ್ತೇನೆ. ಪಿಚರ್‌ನ ತೋಳು ದಿನಾ ಎಸೆದರೆ ಹಾಳಾಗುತ್ತದೆ. ಒಳ್ಳೆಯ ಮ್ಯಾನೇಜರ್ ಇವತ್ತಿನ ಪಂದ್ಯ ಬಿಟ್ಟುಕೊಟ್ಟಾದರೂ ನಾಳೆಗೆ ತೋಳು ಉಳಿಸುತ್ತಾನೆ. ಇವತ್ತಿನ ಪಂದ್ಯದ ಮೇಲೆ ಸಾವಿರಾರು ಡಾಲರ್ ಕಟ್ಟಿದವನಿಗೆ ಆ ತಾಳ್ಮೆ ಇರುತ್ತದಾ? ರೋಸ್ ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಅನುಮಾನಕ್ಕೆ ಜಾಗ ಕೊಟ್ಟರಲ್ಲ, ನಿಯಮ ಇರುವುದೇ ಅದನ್ನು ತಡೆಯಲು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಯಿತು.

ಓಹಾಯೋ ದಡದವನು

ನಿಮ್ಮಿಬ್ಬರ ಮಾತು ಒಪ್ಪುತ್ತೇನೆ. ತಪ್ಪು ಮಾಡಿದರು. ಶಿಕ್ಷೆಯೂ ಆಯಿತು, ಸಾಯುವವರೆಗೆ 35 ವರ್ಷ! ಇದರ ನಡುವೆ 1990ರಲ್ಲಿ ತೆರಿಗೆ ಲೆಕ್ಕ ಸುಳ್ಳು ಕೊಟ್ಟಿದ್ದಕ್ಕೆ ಐದು ತಿಂಗಳು ಜೈಲಿಗೂ ಹೋಗಿ ಬಂದರು.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಇವತ್ತು ಟಿವಿಯಲ್ಲಿ ಬೇಸ್‌ಬಾಲ್ ಹಾಕಿದರೆ ಬೆಟ್ಟಿಂಗ್ ಜಾಹೀರಾತಿಲ್ಲದೆ ಒಂದು ಇನ್ನಿಂಗ್ಸ್ ಮುಗಿಯುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ತೆರೆದ ಮೇಲೆ ರಾಜ್ಯಗಳು ಒಂದೊಂದಾಗಿ ಒಪ್ಪಿಗೆ ಕೊಟ್ಟವು. ನಮ್ಮ ಓಹಾಯೋದಲ್ಲಿ 2023ರ ಜನವರಿ 1ರಂದು ಶುರುವಾಯಿತು. ಆ ಮಧ್ಯರಾತ್ರಿ ಸಿನ್ಸಿನಾಟಿಯ ಕ್ಯಾಸಿನೋದಲ್ಲಿ ಮೊದಲ ಬಾಜಿ ಕಟ್ಟಲು ಕರೆಸಿದ್ದು ಯಾರನ್ನು ಗೊತ್ತಾ? ಪೀಟ್ ರೋಸ್. ರೆಡ್ಸ್ ವರ್ಲ್ಡ್ ಸೀರೀಸ್ ಗೆಲ್ಲುತ್ತದೆ ಅಂತ ಕಟ್ಟಿದರು. ಕ್ಯಾಮೆರಾಗಳು, ಚಪ್ಪಾಳೆ.

ಅಜ್ಜ ಆ ಸುದ್ದಿ ನೋಡಿ ಟಿವಿ ಆಫ್ ಮಾಡಿಬಿಟ್ಟರು. ಜೂಜಿನ ದುಡ್ಡು ಲೀಗಿಗೂ ಬೇಕು, ತಂಡಕ್ಕೂ ಬೇಕು. ಆ ಮನುಷ್ಯ ಮಾತ್ರ ಬೇಡ. ಇದು ನ್ಯಾಯವಾ?

ಕಡಲತೀರ

ಸರ್, ಜಾಹೀರಾತಿನ ವಿಷಯದಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಆ ದುಡ್ಡು ಯಾರ ಮನೆಯಿಂದ ಬರುತ್ತದೆ ಅಂತ ನನಗೆ ಗೊತ್ತು. ಆದರೆ ಲೀಗ್ ಕೆಟ್ಟಿದೆ ಅನ್ನುವುದು ರೋಸ್ ಒಳ್ಳೆಯವರು ಅನ್ನುವುದಕ್ಕೆ ಸಾಕ್ಷಿ ಆಗಲ್ಲ. ಗ್ಯಾಲರಿಯಲ್ಲಿ ಕೂತವನು ಬಾಜಿ ಕಟ್ಟುವುದು ಒಂದು. ಮೈದಾನದ ಒಳಗಿರುವವನು ಕಟ್ಟುವುದು ಇನ್ನೊಂದು.

ಹಳೇ ಸ್ಕೋರರ್

ಹೌದು. ಬೆಟ್ಟಿಂಗ್ ಇಷ್ಟು ಹರಡಿದ ಮೇಲೆ ಆ ನಿಯಮ ಇನ್ನೂ ಜಾಸ್ತಿ ಬೇಕಾಗಿದೆ. 2024ರ ಜೂನ್‌ನಲ್ಲಿ ಟುಕುಪಿಟಾ ಮಾರ್ಕಾನೋ ಅನ್ನುವ ಆಟಗಾರನನ್ನು ಇದೇ ನಿಯಮದ ಕೆಳಗೆ ಶಾಶ್ವತವಾಗಿ ಹೊರಗೆ ಹಾಕಿದರು. ಗಾಯವಾಗಿ ಆಡದೆ ಕೂತಿದ್ದಾಗ ತನ್ನದೇ ತಂಡದ ಪಂದ್ಯಗಳ ಮೇಲೆ ಕಟ್ಟಿದ್ದ. ಅವನಿಗೆ ಆಗ 24 ವರ್ಷ. ಅವನ ಹೆಸರಲ್ಲಿ 4256 ಹಿಟ್ ಇಲ್ಲ, ಅವನ ಪರವಾಗಿ ಯಾರೂ ಮೆರವಣಿಗೆ ಹೋಗಲಿಲ್ಲ. ಆ ಹುಡುಗನಿಗೆ ಒಂದು ನ್ಯಾಯ, ರೋಸ್‌ಗೆ ಒಂದು ನ್ಯಾಯ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೈಸೂರು ರಸ್ತೆ

ಆಟದ ನಿಯಮ ಬೇರೆ, ದೇಶದ ಕಾನೂನು ಬೇರೆ ಅನ್ನುವುದಕ್ಕೆ ನಮ್ಮಲ್ಲೂ ಒಂದು ಉದಾಹರಣೆ ಇದೆ. 2019ರಲ್ಲಿ ಕೆಪಿಎಲ್ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರು ಪೊಲೀಸರು ಆಟಗಾರರನ್ನು ಬಂಧಿಸಿದರು. 2022ರಲ್ಲಿ ಹೈಕೋರ್ಟ್, ಇದಕ್ಕೆ ವಂಚನೆಯ 420ನೇ ಸೆಕ್ಷನ್ ಹೊಂದುವುದಿಲ್ಲ, ಕ್ರಮ ತೆಗೆದುಕೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂದಿತು. ಅಂದರೆ ಆಟವನ್ನು ಕಾಯುವುದು ಕೊನೆಗೆ ಆಟದವರ ಕೈಯಲ್ಲೇ ಇದೆ. ಅವರೇ ಕೈಬಿಟ್ಟರೆ ಯಾರ ಹತ್ತಿರ ಹೋಗೋಣ?

ಆದರೂ ಸತ್ತವರ ಬಗ್ಗೆ ಇಷ್ಟು ಕಠಿಣವಾಗಿ ಮಾತಾಡಬೇಕಾ ಅಂತ ಒಂದು ಕಡೆ ಅನ್ನಿಸುತ್ತದೆ. ಸಾವಿನ ಮನೆಯಲ್ಲಿ ಲೆಕ್ಕ ತೆಗೆಯಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಸಾಫ್ಟ್‌ಬಾಲ್ ಅಮ್ಮ

ಎಲ್ಲರ ಮಾತೂ ಓದುತ್ತಾ ಬಂದೆ. ಬೆಟ್ಟಿಂಗ್ ಬೆಟ್ಟಿಂಗ್ ಬೆಟ್ಟಿಂಗ್. ಒಂದು ವಿಷಯವನ್ನು ಯಾರೂ ಎತ್ತಲಿಲ್ಲ, ಹಾಗಾಗಿ ನಾನು ಎತ್ತುತ್ತೇನೆ. ಮೈಸೂರು ರಸ್ತೆಯವರ ಅಜ್ಜಿಯ ಮಾತಿಗೆ ಗೌರವ ಕೊಟ್ಟೇ ಎತ್ತುತ್ತೇನೆ.

2017ರಲ್ಲಿ ಒಂದು ಕೋರ್ಟ್ ದಾಖಲೆ ಹೊರಬಂತು. ಅದರಲ್ಲಿ ಒಬ್ಬ ಮಹಿಳೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದರು. 1970ರ ದಶಕದಲ್ಲಿ, ತನಗೆ 16 ತುಂಬುವ ಮೊದಲೇ ರೋಸ್ ತನ್ನ ಜೊತೆ ಲೈಂಗಿಕ ಸಂಬಂಧ ಶುರು ಮಾಡಿದರು ಅಂತ. ರೋಸ್ ಸಂಬಂಧ ಇದ್ದದ್ದನ್ನು ಒಪ್ಪಿದರು. ಆಗ ಆಕೆಗೆ 16 ಆಗಿತ್ತು ಎಂದುಕೊಂಡಿದ್ದೆ ಎಂದರು. ಓಹಾಯೋ ಕಾನೂನಿನ ಪ್ರಕಾರ 16 ಆಗಿದ್ದರೆ ಅಪರಾಧ ಅಲ್ಲ. ಕೇಸೂ ಆಗಲಿಲ್ಲ. ಆಗ ಅವರಿಗೆ ಮೂವತ್ತು ದಾಟಿತ್ತು, ಮದುವೆಯಾಗಿತ್ತು, ಇಬ್ಬರು ಮಕ್ಕಳಿದ್ದರು. ಇಷ್ಟು ಅವರೇ ಒಪ್ಪಿದ ಮಾತು.

ಆ ವರ್ಷ ಫಿಲಡೆಲ್ಫಿಯಾ ತಂಡ ಅವರಿಗೆ ಮಾಡಬೇಕಿದ್ದ ಸನ್ಮಾನ ರದ್ದು ಮಾಡಿತು. 2022ರಲ್ಲಿ ಮತ್ತೆ ಕರೆಯಿತು. ಒಬ್ಬ ವರದಿಗಾರ್ತಿ ಇದರ ಬಗ್ಗೆ ಕೇಳಿದಾಗ ಅವರು ಹೇಳಿದ್ದು, ಅದು 55 ವರ್ಷ ಹಿಂದಿನ ಮಾತು ಅಂತ. ಆಕೆಯನ್ನು ‘ಬೇಬ್’ ಅಂತ ಕರೆದರು. ಕೆಲಸ ಮಾಡಲು ಬಂದ ಹೆಣ್ಣುಮಗಳನ್ನು, ಕ್ಯಾಮೆರಾಗಳ ಮುಂದೆ.

ನನ್ನ ಮಗಳಿಗೆ 14 ವರ್ಷ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ಬಾಲ್ ಆಡುತ್ತಾಳೆ. ತಲೆ ಮುಂದೆ ಮಾಡಿ ಬೇಸ್‌ಗೆ ಹಾರುವುದು ಅವಳಿಗೆ ತುಂಬ ಇಷ್ಟ. ಅದು ರೋಸ್ ಶೈಲಿ ಅಂತ ಕೋಚ್ ಹೇಳಿದ್ದಾರೆ. ಅವಳು ಅವರ ವಿಡಿಯೋ ನೋಡುತ್ತಾಳೆ. ನಾಳೆ ಕೂಪರ್ಸ್‌ಟೌನ್‌ಗೆ ಹೋಗಿ ಆ ಗೋಡೆಯ ಮೇಲಿನ ಮುಖ ತೋರಿಸಿ “ಇವರು ಯಾರಮ್ಮ” ಅಂದರೆ ನಾನು ಏನು ಹೇಳಲಿ?

ಓಹಾಯೋ ದಡದವನು

ಅಕ್ಕ, ಇದನ್ನು ನಾನು ಮೊದಲ ಮಾತಿನಲ್ಲೇ ಬರೆಯಬೇಕಿತ್ತು. ಗೊತ್ತಿದ್ದೂ ಬಿಟ್ಟೆ. ನಮ್ಮ ಊರಲ್ಲಿ ರೋಸ್ ಬಗ್ಗೆ ಮಾತಾಡುವಾಗ ಎಲ್ಲರೂ ಇದನ್ನು ಬಿಟ್ಟೇ ಮಾತಾಡುತ್ತಾರೆ. ಕೇಳಿ ಕೇಳಿ ನನಗೂ ಅದೇ ಅಭ್ಯಾಸ ಆಗಿದೆ. ತಪ್ಪಾಯಿತು.

ಮೈಸೂರು ರಸ್ತೆ

ಮೇಡಂ, ನೀವು ಹೇಳಿದ್ದಕ್ಕೆ ಎದುರಾಡುತ್ತಿಲ್ಲ. ಒಂದು ಅನುಮಾನ ಮಾತ್ರ. ಈ ಹಾಲ್ ಆಫ್ ಫೇಮ್‌ನಲ್ಲಿ ಇರುವವರೆಲ್ಲ ಒಳ್ಳೆಯವರಾ? ಸುಮ್ನೆ ಹುಡುಕಿದಾಗ ಕ್ಯಾಪ್ ಆ್ಯನ್ಸನ್ ಅಂತ ಒಬ್ಬರ ಬಗ್ಗೆ ಓದಿದೆ. 1880ರ ದಶಕದಲ್ಲಿ ಕಪ್ಪು ಆಟಗಾರರು ಎದುರಿಗಿದ್ದರೆ ಆಡುವುದಿಲ್ಲ ಅಂತ ಹಟ ಹಿಡಿದವರು. 1939ರಲ್ಲೇ ಒಳಗೆ ಸೇರಿಸಿದ್ದಾರೆ.

ಸಾಫ್ಟ್‌ಬಾಲ್ ಅಮ್ಮ

ಹಿಂದೆ ಒಬ್ಬರನ್ನು ಯೋಚಿಸದೆ ಕೂರಿಸಿದರು ಅಂತ ಈಗ ಇನ್ನೊಬ್ಬರನ್ನು ಕೂರಿಸಬೇಕಾ? 1939ರಲ್ಲಿ ಆಯ್ಕೆ ಮಾಡುವವರ ಕೋಣೆಯಲ್ಲಿ ಒಬ್ಬ ಕಪ್ಪು ಮನುಷ್ಯ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಇವತ್ತಿನ ತೀರ್ಮಾನಕ್ಕೆ ಇವತ್ತಿನವರೇ ಹೊಣೆ.

ಹಳೇ ಸ್ಕೋರರ್

ಅಮ್ಮ, ನಿಮ್ಮ ಮಾತು ತೂಕದ್ದು. ಅಂಕಿಗಳ ನಡುವೆ ಬದುಕುವ ನನ್ನಂಥವರು ಇದನ್ನು ಓದಬೇಕು.

ರೋಸ್ ಆಟದ ಹುಮ್ಮಸ್ಸಿನ ಬಗ್ಗೆಯೂ ಒಂದು ಮಾತು. 1970ರ ಆಲ್ ಸ್ಟಾರ್ ಪಂದ್ಯ, 12ನೇ ಇನ್ನಿಂಗ್ಸ್. ಗೆಲುವಿನ ರನ್‌ಗಾಗಿ ರೋಸ್ ಓಡಿಬಂದು ಹೋಮ್ ಪ್ಲೇಟ್ ಹತ್ತಿರ ಕ್ಯಾಚರ್ ರೇ ಫೋಸ್ಸಿಗೆ ಗುದ್ದಿದರು. ಫೋಸ್ಸಿಗೆ ಆಗ 23 ವರ್ಷ. ಭುಜದ ಮೂಳೆ ಮುರಿದಿತ್ತು, ಆದರೆ ಎಕ್ಸ್‌ರೇಯಲ್ಲಿ ಕಾಣಲಿಲ್ಲ, ಹಾಗೇ ಆಡುತ್ತಾ ಹೋದರು. ಆ ನೋವು ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಫೋಸ್ಸಿ 2021ರಲ್ಲಿ ತೀರಿಕೊಂಡರು. ಅದು ಲೆಕ್ಕಕ್ಕಿಲ್ಲದ ಪ್ರದರ್ಶನ ಪಂದ್ಯ. ಅಭಿಮಾನಿಗಳು ಅದನ್ನು ಇವತ್ತಿಗೂ ಛಲದ ಉದಾಹರಣೆ ಅಂತ ತೋರಿಸುತ್ತಾರೆ. ಆಗಿನ ನಿಯಮಕ್ಕೆ ಅದು ಸರಿಯಾಗಿಯೇ ಇತ್ತು. ನಾನು ಮಾತ್ರ ಆ ತುಣುಕು ನೋಡುವಾಗ ಕೆಳಗೆ ಬಿದ್ದ ಹುಡುಗನನ್ನೇ ನೋಡುತ್ತೇನೆ.

ಓಹಾಯೋ ದಡದವನು

ಸರ್, ಆ ಪಂದ್ಯ ಆದದ್ದು ಇಲ್ಲೇ, ರಿವರ್‌ಫ್ರಂಟ್ ಸ್ಟೇಡಿಯಂನಲ್ಲಿ. ಅಜ್ಜ ಅದನ್ನು ಹೇಳುವಾಗ ಎದ್ದು ನಿಂತು ಹೇಳುತ್ತಿದ್ದರು. ಫೋಸ್ಸಿ ಗತಿ ಏನಾಯಿತು ಅಂತ ಅವರು ಹೇಳಿದ್ದು ನೆನಪಿಲ್ಲ.

ಒಂದು ಮಾತು ಹೇಳಬೇಕು. ಅಜ್ಜನಿಗೆ ರೋಸ್ ಮೇಲೆ ಸಿಟ್ಟು ಇರಲಿಲ್ಲ ಅಂತಲ್ಲ. ಇತ್ತು. ಬಾಜಿ ಕಟ್ಟಿದ್ದಕ್ಕೆ ಅಲ್ಲ, ಸುಳ್ಳು ಹೇಳಿದ್ದಕ್ಕೆ. 1989ರಿಂದ 2004ರವರೆಗೆ “ಬೇಸ್‌ಬಾಲ್ ಮೇಲೆ ಕಟ್ಟಿಲ್ಲ” ಅಂತಲೇ ಹೇಳುತ್ತಾ ಬಂದರು. ಅಜ್ಜ ಹದಿನೈದು ವರ್ಷ ಚರ್ಚಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಸ್ವಂತ ಅಣ್ಣನ ಹತ್ತಿರ ರೋಸ್ ಪರವಾಗಿ ಜಗಳ ಆಡಿದ್ದರು. 2004ರಲ್ಲಿ ರೋಸ್ ಪುಸ್ತಕ ಬರೆದು ಹೌದು ಎಂದಾಗ ಅಜ್ಜನಿಗೆ ತಲೆ ಎತ್ತಲು ಆಗಲಿಲ್ಲ. ಅಷ್ಟರಲ್ಲಿ ಆ ಅಣ್ಣ ತೀರಿಕೊಂಡಿದ್ದರು. ಕ್ಷಮೆ ಕೇಳಲೂ ಆಗಲಿಲ್ಲ.

ಆಗಲೂ ಆಟಗಾರನಾಗಿದ್ದಾಗ ಕಟ್ಟಿಲ್ಲ ಎಂದೇ ಹೇಳಿದರು. 2015ರಲ್ಲಿ ಒಂದು ನೋಟ್‌ಬುಕ್ ಬಯಲಾಯಿತು. 1986ರಲ್ಲಿ ಇನ್ನೂ ಆಡುತ್ತಿದ್ದಾಗಲೇ ಕಟ್ಟಿದ್ದರು ಅಂತ ಅದು ತೋರಿಸಿತು. ಅಜ್ಜ ಏನೂ ಹೇಳಲಿಲ್ಲ.

ಕಡಲತೀರ

ನಮ್ಮ ಮನೆಯಲ್ಲಿ ದುಡ್ಡು ಹೋದದ್ದನ್ನು ಅಮ್ಮ ಮರೆತರು. ದೇವರ ಮುಂದೆ ನಿಂತು ಸುಳ್ಳು ಆಣೆ ಮಾಡಿದ್ದನ್ನು ಇನ್ನೂ ಮರೆತಿಲ್ಲ. ಅಜ್ಜನ ಸಂಕಟ ಅರ್ಥ ಆಗುತ್ತದೆ.

ಹಳೇ ಸ್ಕೋರರ್

ಆಗ ಕಮಿಷನರ್ ಆಗಿದ್ದವರು ಬಾರ್ಟ್ ಜಿಯಾಮಟ್ಟಿ. ಸಾಹಿತ್ಯದ ಮೇಷ್ಟ್ರು, ಯೇಲ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು. 1989ರ ಆಗಸ್ಟ್ 24ರಂದು ನಿಷೇಧ ಪ್ರಕಟಿಸಿದರು. ಎಂಟೇ ದಿನಕ್ಕೆ ಹೃದಯಾಘಾತವಾಗಿ ತೀರಿಕೊಂಡರು. 51 ವರ್ಷ. ಒಂದು ವರ್ಷದ ನಂತರ ಮರಳಿ ಸೇರಿಸಿ ಅಂತ ಅರ್ಜಿ ಹಾಕಬಹುದು ಅಂತ ಒಪ್ಪಂದದಲ್ಲೇ ಇತ್ತು. ರೋಸ್ ಆಗಲೇ ಬಾಯಿಬಿಟ್ಟು ತಪ್ಪು ಒಪ್ಪಿಕೊಂಡಿದ್ದರೆ, ಜೂಜು ಬಿಟ್ಟಿದ್ದರೆ, ಕಥೆ ಬೇರೆ ಆಗುತ್ತಿತ್ತೇನೋ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ಇವರ ವಿಷಯದಲ್ಲಿ ಅಡಿಕೆಯ ಹಂತದಲ್ಲೇ ಒಪ್ಪಿಕೊಳ್ಳಲು ದಾರಿ ಇತ್ತು.

ಮೈಸೂರು ರಸ್ತೆ

ಈಗ ಮುಂದೇನು? ಯಾರು ತೀರ್ಮಾನ ಮಾಡುತ್ತಾರೆ, ಕಮಿಷನರ್ರಾ?

ಹಳೇ ಸ್ಕೋರರ್

ಅಲ್ಲ. ಹಾಲ್ ಆಫ್ ಫೇಮ್ ಬೇರೆಯೇ ಸಂಸ್ಥೆ. 1991ರಲ್ಲಿ ಅವರೇ ಒಂದು ನಿಯಮ ಮಾಡಿದರು, ನಿಷೇಧದ ಪಟ್ಟಿಯಲ್ಲಿರುವವರ ಹೆಸರು ಮತಕ್ಕೆ ಬರಬಾರದು ಅಂತ. ರೋಸ್ ಹೆಸರು ಬರಬಹುದಾಗಿದ್ದ ಮೊದಲ ವರ್ಷಕ್ಕೆ ಸ್ವಲ್ಪ ಮುಂಚೆ. ಈಗ ಪಟ್ಟಿಯಿಂದ ಹೆಸರು ಹೋಗಿದೆ, ಆ ತಡೆಯೂ ಹೋಯಿತು. ಹಳೆಯ ಕಾಲದ ಆಟಗಾರರ ಸಮಿತಿ 2027ರ ಡಿಸೆಂಬರ್‌ನಲ್ಲಿ ಸೇರಬೇಕಿದೆ. ಮೊದಲು ಎಂಟು ಹೆಸರುಗಳ ಪಟ್ಟಿಗೆ ಇವರು ಬರಬೇಕು. ಆಮೇಲೆ 16 ಜನರಲ್ಲಿ 12 ಜನ ಹೂಂ ಅನ್ನಬೇಕು.

ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೂಪರ್ಸ್‌ಟೌನ್‌ನಲ್ಲಿ ಮ್ಯೂಸಿಯಂ ಬೇರೆ, ಕಂಚಿನ ಫಲಕಗಳ ಕೋಣೆ ಬೇರೆ. ಮ್ಯೂಸಿಯಂನಲ್ಲಿ ರೋಸ್ ಇದ್ದಾರೆ! ಅವರ ಆಟದ ವಸ್ತುಗಳನ್ನು ಇಟ್ಟಿದ್ದಾರೆ, ಅವರ ಅಂಕಿಗಳೂ ದಾಖಲೆ ಪುಸ್ತಕದಲ್ಲಿವೆ. 4256ನ್ನು ಯಾರೂ ಅಳಿಸಿಲ್ಲ. ಇಲ್ಲದಿರುವುದು ಫಲಕ ಮಾತ್ರ. ‘ಇತಿಹಾಸದಿಂದ ಅಳಿಸಿದರು’ ಅನ್ನುವುದು ಸರಿಯಲ್ಲ. ಫಲಕ ಅನ್ನುವುದು ಸನ್ಮಾನ. ಅದಕ್ಕೇ ನಾನು ಬೇಡ ಅನ್ನುವ ಕಡೆ ಇದ್ದೇನೆ, ಇಷ್ಟು ಪ್ರೀತಿ ಇಟ್ಟುಕೊಂಡೂ.

ಸಾಫ್ಟ್‌ಬಾಲ್ ಅಮ್ಮ

ಇದು ಗೊತ್ತಿರಲಿಲ್ಲ ಸರ್. ಮ್ಯೂಸಿಯಂಗೆ ಮಗಳನ್ನು ಕರೆದುಕೊಂಡು ಹೋಗಲು ನನಗೆ ಯಾವ ಅಡ್ಡಿಯೂ ಇಲ್ಲ. ಬ್ಯಾಟ್ ನೋಡಲಿ, ಶೂ ನೋಡಲಿ. ಮನುಷ್ಯನ ಬಗ್ಗೆ ನಾನೇ ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ.

ಓಹಾಯೋ ದಡದವನು

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನು ಅಜ್ಜನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವರಿಗೆ ಈಗ 88. ಕಿವಿ ಮಂದ, ಆದರೆ ಬೇಸ್‌ಬಾಲ್ ಅಂದರೆ ಕೇಳಿಸುತ್ತದೆ.

ಕಡಲತೀರ ಅವರ ತಮ್ಮನ ಕಥೆ ಎರಡು ಸಲ ಓದಿಸಿದರು. ಅಕ್ಕನ ಮಾತು ಓದಿದಾಗ ಬಹಳ ಹೊತ್ತು ಸುಮ್ಮನಿದ್ದರು. ಅವರಿಗೂ ಮೊಮ್ಮಗಳಿದ್ದಾಳೆ. ಆಮೇಲೆ, ಫಲಕ ಹಾಕುವುದಾದರೆ ಏನು ಬರೆಯಬೇಕು ಅಂತ ನನ್ನನ್ನೇ ಕೇಳಿದರು. ನಾವಿಬ್ಬರೂ ಕೂತು ಬರೆದೆವು. ಕನ್ನಡದಲ್ಲಿ ಹೀಗಿದೆ:

“ಪೀಟ್ ರೋಸ್, ಸಿನ್ಸಿನಾಟಿ. 4256 ಹಿಟ್. ಪುಕ್ಕಟೆ ಸಿಕ್ಕ ಬೇಸ್‌ಗೂ ಓಡಿದವರು. ತನ್ನ ತಂಡದ ಮೇಲೆ ಬಾಜಿ ಕಟ್ಟಿ 1989ರಲ್ಲಿ ನಿಷೇಧಕ್ಕೆ ಒಳಗಾದರು. 2004ರವರೆಗೆ ಒಪ್ಪಿಕೊಳ್ಳಲಿಲ್ಲ.”

ಹೀಗೆ ಬರೆದರೆ ಮಾತ್ರ ಹಾಕಲಿ, ಇಲ್ಲದಿದ್ದರೆ ಬೇಡ ಅನ್ನುತ್ತಾರೆ ಅಜ್ಜ. ಶುರುವಿನಲ್ಲಿ ‘ಸೇರಿಸಬೇಕು’ ಅಂತ ಗಟ್ಟಿಯಾಗಿ ಹೇಳಿದ ನಾನೂ ಈಗ ಅಲ್ಲಿಗೇ ಬಂದು ನಿಂತಿದ್ದೇನೆ.

ಹಳೇ ಸ್ಕೋರರ್

ಕಂಚಿನ ಮೇಲೆ ಅಂಥ ಸಾಲು ಬರೆಯುವುದು ಕಷ್ಟ. ಆದರೆ ಬರೆದರೆ ನಾನು ಹೋಗಿ ನೋಡುತ್ತೇನೆ. ಪಂದ್ಯಗಳ ಸಂಖ್ಯೆಯನ್ನೂ ಸೇರಿಸಿ, 3562.

ಸಾಫ್ಟ್‌ಬಾಲ್ ಅಮ್ಮ

ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮನಸ್ಸು ದೊಡ್ಡದು. ಆದರೂ ಆ ಫಲಕದಲ್ಲಿ ಆ ಹುಡುಗಿಯ ಬಗ್ಗೆ ಒಂದು ಪದವೂ ಇಲ್ಲ ಅಂತ ಅವರಿಗೆ ಹೇಳಿ.

ಓಹಾಯೋ ದಡದವನು

ಹೇಳಿದೆ ಅಕ್ಕ. ಕಾಗದ ವಾಪಸ್ ಇಸಿದುಕೊಂಡಿದ್ದಾರೆ. ಇನ್ನೂ ಕೊಟ್ಟಿಲ್ಲ.